ಓದುಗರ ಪ್ರಶ್ನೆ: ನೈಟ್ ಶಿಫ್ಟು, ಮಳೆಗಾಲದ ಮಂಪರು, ಮೈಯೊಳಗಿನ ಗಡಿಯಾರ

ನಿದ್ದೆಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಎಷ್ಟು ತಾಸು ಮಲಗಬೇಕು’ ಎಂದೇ ಕೇಳಿವೆ. ಆದರೆ ಬರೆದವರಲ್ಲಿ ಹಲವರ ತೊಂದರೆ ಇರುವುದು ತಾಸುಗಳಲ್ಲಲ್ಲ, ಹೊತ್ತಿನಲ್ಲಿ. ಆ ಹೊತ್ತನ್ನು ನಿಗದಿ ಮಾಡುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಬೆಳಕಿನ ಮಾತು ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ನನಗೆ ಮೂರು ಶಿಫ್ಟಿನ ಕೆಲಸ. ನೈಟ್ ಶಿಫ್ಟ್ ಸತತ ಮೂರು ರಾತ್ರಿ ಇರುತ್ತದೆ. ಮನೆಗೆ ಬಂದು ಬೆಳಿಗ್ಗೆ 8ಕ್ಕೆ ಮಲಗಿದರೆ 11:30ಕ್ಕೆ ಎಚ್ಚರ, ಆಮೇಲೆ ಹೊರಳಾಟವೇ. ರಾತ್ರಿ 3 ದಾಟಿದ ಮೇಲೆ ಮಾತ್ರ ಕಣ್ಣು ತೆರೆದಿಡಲು ಆಗುವುದಿಲ್ಲ. ಏನು ಮಾಡಲಿ?
— ಶಿಫ್ಟ್ ನೌಕರ, ಕಾರವಾರ

ಉತ್ತರ: ನಿದ್ದೆಯನ್ನು ನಡೆಸುವ ವ್ಯವಸ್ಥೆಗಳು ಎರಡು. ಒಂದು, ಎಚ್ಚರವಾಗಿದ್ದಷ್ಟೂ ಏರುವ ನಿದ್ದೆಯ ಒತ್ತಡ. ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಶೇಖರವಾದಂತೆ ಅದು ಹೆಚ್ಚುತ್ತದೆ, ಮಲಗಿದಾಗ ಇಳಿಯುತ್ತದೆ. ಇನ್ನೊಂದು, ಎಷ್ಟು ಹೊತ್ತು ಎದ್ದಿದ್ದೀರಿ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತನ್ನ ಪಾಡಿಗೆ ತಿರುಗುವ ಗಡಿಯಾರ. ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗಕ್ಕೆ ಸ್ವಲ್ಪ ಮೇಲೆ, ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿರುವ ಸುಮಾರು 20,000 ನರಕೋಶಗಳೇ ಈ ಗಡಿಯಾರ. ಹೊರಗಿನ ಯಾವ ಸುಳಿವೂ ಸಿಗದಿದ್ದರೆ ಮನುಷ್ಯರಲ್ಲಿ ಅದರ ಒಂದು ಸುತ್ತಿಗೆ ಸರಾಸರಿ 24 ತಾಸು 10 ನಿಮಿಷ ಬೇಕು. ದಿನವೂ ಬೆಳಕು ಅದನ್ನು ಎಳೆದು 24 ತಾಸಿಗೆ ಸರಿಹೊಂದಿಸುತ್ತದೆ.

ಬೆಳಿಗ್ಗೆ 8ಕ್ಕೆ ಮಲಗಿದಾಗ ನಿಮ್ಮಲ್ಲಿ ಒತ್ತಡ ಸಾಕಷ್ಟಿರುತ್ತದೆ, ಕೂಡಲೇ ನಿದ್ದೆ ಹತ್ತುತ್ತದೆ. ಮೂರೂವರೆ ತಾಸಿನಲ್ಲಿ ಒತ್ತಡದ ದೊಡ್ಡ ಪಾಲು ತೀರುತ್ತದೆ. ಅಷ್ಟರಲ್ಲಿ ಗಡಿಯಾರ ಮೈಯ ಉಷ್ಣತೆಯನ್ನು ಏರಿಸುತ್ತಾ ‘ಎದ್ದಿರು’ ಎನ್ನುತ್ತಿರುತ್ತದೆ. 11:30ರ ಎಚ್ಚರಕ್ಕೆ ಕಾರಣ ಇದು. ರಾತ್ರಿ 3ರಿಂದ 5ರ ನಡುವೆ ತದ್ವಿರುದ್ಧ: ಒತ್ತಡ ತುದಿ ಮುಟ್ಟಿರುತ್ತದೆ, ಮೈಯ ಉಷ್ಣತೆ ದಿನದ ತಳಕ್ಕೆ ಇಳಿದಿರುತ್ತದೆ. ಎರಡೂ ಒಟ್ಟಿಗೆ ಸೇರಿದಾಗ ಕಣ್ಣು ತೆರೆದಿಡುವುದು ಯಾರಿಗೂ ಸುಲಭವಲ್ಲ.

ಮೂರೇ ರಾತ್ರಿಯಾದ್ದರಿಂದ ಗಡಿಯಾರವನ್ನು ಪೂರ್ತಿ ತಿರುಗಿಸಲು ಹೋಗಬೇಡಿ. ದಿನಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ತಾಸು ಮಾತ್ರ ಅದು ಸರಿಯುತ್ತದೆ. ನಾಲ್ಕನೆಯ ದಿನ ನೀವು ಮತ್ತೆ ರಾತ್ರಿ ಮಲಗುವವರಾಗಿರುತ್ತೀರಿ. ಗಡಿಯಾರ ಇದ್ದಲ್ಲೇ ಇರಲಿ. ನಿದ್ದೆಯನ್ನು ಎರಡು ತುಂಡು ಮಾಡಿಕೊಳ್ಳಿ. ಬಂದ ಕೂಡಲೇ ನಾಲ್ಕೂವರೆ ತಾಸು, ಮತ್ತೆ ಶಿಫ್ಟಿಗೆ ಹೊರಡುವ ಮುಂಚೆ, ಸಂಜೆ 6:30ರೊಳಗೆ ಮುಗಿಯುವಂತೆ ಒಂದೂವರೆ ತಾಸು. ಸಂಜೆ 7ರಿಂದ 9ರವರೆಗೆ ಗಡಿಯಾರದ ಎಚ್ಚರದ ಒತ್ತು ಅತಿ ಜೋರಾಗಿರುತ್ತದೆ, ಆಗ ಮಲಗಿದರೆ ನಿದ್ದೆ ಬಾರದೆ ಸಿಟ್ಟು ಮಾತ್ರ ಬರುತ್ತದೆ. ಮೊದಲ ನೈಟ್ ಶಿಫ್ಟಿನ ದಿನ ಈ ಸಂಜೆಯ ನಿದ್ದೆ ತಪ್ಪಿಸಲೇಬೇಡಿ. ತಪ್ಪಿಸಿದರೆ ಬೆಳಿಗ್ಗೆ ಮನೆ ಸೇರುವಾಗ 24 ತಾಸು ಎದ್ದಿದ್ದಂತಾಗುತ್ತದೆ. 17 ತಾಸು ಎಚ್ಚರವಿದ್ದವರ ಕೈಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆಂದು ಪರೀಕ್ಷೆಗಳಲ್ಲಿ ಕಂಡಿದೆ. ಆ ಸ್ಥಿತಿಯಲ್ಲಿ ಬೈಕು ಓಡಿಸಬೇಡಿ, ಬಸ್ಸಿನಲ್ಲೇ ಬನ್ನಿ.

ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೆಳಗಿನ 7ರ ಬಿಸಿಲು ಗಡಿಯಾರಕ್ಕೆ ‘ದಿನ ಶುರುವಾಯಿತು’ ಎಂಬ ಬಲವಾದ ಸಂದೇಶ. ಮಲಗುವ ಕೋಣೆಯ ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಒಳಗೆ ಕೈ ಚಾಚಿದರೆ ಬೆರಳು ಕಾಣಬಾರದು. ಫ್ಯಾನಿನ ಒಂದೇ ಸಮನೆಯ ಸದ್ದು ಮೀನಿನವರ ಕೂಗು, ಕುಕ್ಕರಿನ ಸೀಟಿ ಇವನ್ನು ಮುಚ್ಚುತ್ತದೆ.

ಕಾಫಿ ಶಿಫ್ಟಿನ ಮೊದಲರ್ಧದಲ್ಲಿ, ಅರ್ಧ ಲೋಟದಂತೆ ಎರಡು ಮೂರು ಸಲ ಸಾಕು. ರಾತ್ರಿ 2ರ ನಂತರ ಬೇಡ. ಕೆಫೀನ್ ಅಡೆನೋಸಿನ್ ಕೂರುವ ಜಾಗವನ್ನು ಆಕ್ರಮಿಸುತ್ತದೆ ಅಷ್ಟೇ, ಒತ್ತಡವನ್ನು ಇಳಿಸುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು 5 ತಾಸು ಬೇಕು, 4ಕ್ಕೆ ಕುಡಿದ ಕಾಫಿ 8ಕ್ಕೆ ನಿಮ್ಮ ಜೊತೆಯಲ್ಲೇ ಹಾಸಿಗೆಗೆ ಬರುತ್ತದೆ. ಊಟವನ್ನು ರಾತ್ರಿ 9ರೊಳಗೆ ಮುಗಿಸಿ. ಯಕೃತ್ತು, ಮೇದೋಜೀರಕಗಳಿಗೂ ತಮ್ಮದೇ ಗಡಿಯಾರಗಳಿವೆ. ಅವು ಹೆಚ್ಚಾಗಿ ಊಟದ ಹೊತ್ತನ್ನು ನೋಡಿ ನಡೆಯುತ್ತವೆ. ನಡುರಾತ್ರಿ ಅನ್ನ ಉಂಡರೆ ಅದೇ ಅನ್ನಕ್ಕೆ ಹಗಲಿಗಿಂತ ಹೆಚ್ಚು ಸಕ್ಕರೆ ರಕ್ತದಲ್ಲಿ ಏರುತ್ತದೆ. ಹಸಿವಾದರೆ ಒಂದು ಮೊಟ್ಟೆ, ಮಜ್ಜಿಗೆ, ಒಂದು ಹಿಡಿ ಶೇಂಗಾ ಸಾಕು. ನಿಯಮ ಅವಕಾಶ ಕೊಟ್ಟರೆ 2ರಿಂದ 3ರ ನಡುವೆ 20 ನಿಮಿಷ ಕಣ್ಣು ಮುಚ್ಚಿ, ಅದಕ್ಕಿಂತ ಉದ್ದ ಬೇಡ.

ಶಿಫ್ಟ್ ಪಟ್ಟಿ ಮಾಡುವವರಿಗೂ ಒಂದು ಮಾತು. ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ತಿರುಗಿಸಿ. ನಮ್ಮ ಗಡಿಯಾರದ ಸುತ್ತು 24 ತಾಸಿಗಿಂತ ತುಸು ಉದ್ದವಾದ್ದರಿಂದ ತಡವಾಗಿ ಮಲಗುವುದು ಹೆಚ್ಚಿನವರಿಗೆ ಬೇಗ ಮಲಗುವುದಕ್ಕಿಂತ ಸುಲಭ. ಹಿಮ್ಮುಖ ಪಟ್ಟಿ ಜನರನ್ನು ಸವೆಸುತ್ತದೆ. ಗಡಿಯಾರ ಕೆಡಿಸುವ ರಾತ್ರಿ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ‘ಕ್ಯಾನ್ಸರಿಗೆ ಬಹುಶಃ ಕಾರಣ’ ಎಂಬ ಗುಂಪಿಗೆ ಸೇರಿಸಿತು, 2019ರಲ್ಲಿ ಮರುಪರಿಶೀಲಿಸಿ ಅಲ್ಲೇ ಉಳಿಸಿತು. ಇದು ಹೆದರಿಸಲು ಹೇಳುವ ಮಾತಲ್ಲ, ಪಟ್ಟಿ ಬರೆಯುವಾಗ ನೆನಪಿರಲಿ ಎಂದು.

ಪ್ರಶ್ನೆ: ಮೇಳದ ತಿರುಗಾಟದಲ್ಲಿ ಆರು ತಿಂಗಳು ರಾತ್ರಿಯಿಡೀ ಆಟ. ಬೆಳಿಗ್ಗೆ 6ಕ್ಕೆ ಚೌಕಿಯಲ್ಲಿ ಬಣ್ಣ ತೆಗೆದು ಮುಂದಿನ ಊರಿಗೆ. ನಿದ್ದೆ ಹೇಗೆ ಹೊಂದಿಸಲಿ?
— ಯಕ್ಷಗಾನ ವೇಷಧಾರಿ, ಹೊನ್ನಾವರ

ಉತ್ತರ: ಮೇಲಿನವರಿಗೆ ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ನಿಮಗೆ ಹೇಳಬೇಕು. ತಿಂಗಳುಗಟ್ಟಲೆ ಸತತ ರಾತ್ರಿಯಾದ್ದರಿಂದ ಗಡಿಯಾರವನ್ನು ಪೂರ್ತಿ ಸರಿಸಿಕೊಳ್ಳುವುದೇ ಲಾಭ. ತಿರುಗಾಟದ ಮೊದಲ ವಾರವೇ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನಿದ್ದೆ ಎಂದು ಗೊತ್ತುಮಾಡಿ. ರಂಗಸ್ಥಳದ ದೀಪಗಳ ಪ್ರಖರ ಬೆಳಕು ಮುಂರಾತ್ರಿ ಕಣ್ಣಿಗೆ ಬೀಳುವುದು ನಿಮಗೆ ಸಹಾಯಕ, ಅದು ಗಡಿಯಾರವನ್ನು ತಡ ಮಾಡುತ್ತದೆ. ಕೆಡಿಸುವುದು ಬೆಳಗಿನ ಪ್ರಯಾಣದ ಬಿಸಿಲು. ವ್ಯಾನಿನಲ್ಲಿ ಕಪ್ಪು ಕನ್ನಡಕ, ಬಿಡಾರದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿ. ಆಟವಿಲ್ಲದ ರಾತ್ರಿಯೂ 2 ಗಂಟೆಯವರೆಗಾದರೂ ಎದ್ದಿರಿ. 10ಕ್ಕೇ ಮಲಗಿ ಸೂರ್ಯ ಹುಟ್ಟುವ ಮೊದಲೇ ಎದ್ದು ಬೆಳಗಿನ ಬಿಸಿಲಲ್ಲಿ ಓಡಾಡಿದರೆ ಹಿಂದಿನ ವಾರಗಳ ಹೊಂದಾಣಿಕೆ ಹಾಳು. ಕಾಲಮಿತಿ ಆಟ ರಾತ್ರಿ 1ರೊಳಗೆ ಮುಗಿಯುವ ಮೇಳದವರಿಗೆ ಇದು ಯಾವುದೂ ಬೇಡ, 2ರಿಂದ 9ರವರೆಗೆ ಮಲಗಿದರೆ ಆಯಿತು.

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ. ರಾತ್ರಿ 12:30ರವರೆಗೂ ನಿದ್ದೆ ಬರುವುದಿಲ್ಲ ಎನ್ನುತ್ತಾಳೆ, ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದರೆ ತಲೆಗೆ ಹತ್ತುತ್ತದೆ ಎಂದು ಅತ್ತೆಯವರು 4:30ಕ್ಕೇ ಎಬ್ಬಿಸುತ್ತಾರೆ. ಯಾರ ಮಾತು ಸರಿ?
— ಗೃಹಿಣಿ, ಶಿರಸಿ

ಉತ್ತರ: ಮಗಳು ಸುಳ್ಳು ಹೇಳುತ್ತಿಲ್ಲ, ಅದು ಸೋಮಾರಿತನವೂ ಅಲ್ಲ. ಪ್ರಾಯ ಬರುವ ಹೊತ್ತಿಗೆ ಗಡಿಯಾರ ಒಂದೆರಡು ತಾಸು ತಡವಾಗುತ್ತದೆ. 19–20ನೇ ವಯಸ್ಸಿನ ಹೊತ್ತಿಗೆ ಆ ತಡ ತುತ್ತತುದಿಗೆ ಹೋಗಿ ಮತ್ತೆ ಹಿಂದೆ ಬರುತ್ತದೆ. ಕತ್ತಲಾದ ಮೇಲೆ ಏರಬೇಕಾದ, ರಾತ್ರಿಯಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಅವಳ ಮೈಯಲ್ಲಿ ನಿಮಗಿಂತ ತಡವಾಗಿ ಏರುತ್ತದೆ. ಈ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕು. 12:30ಕ್ಕೆ ಮಲಗಿ 4:30ಕ್ಕೆ ಎದ್ದರೆ ಸಿಕ್ಕಿದ್ದು ನಾಲ್ಕು. ಹೋದದ್ದು ಹೆಚ್ಚಾಗಿ ಬೆಳಗಿನ ಜಾವದ ಕನಸಿನ ನಿದ್ದೆ. ಓದಿದ್ದು ನೆಲೆಯಾಗುವುದು ನಿದ್ದೆಯಲ್ಲೇ ಆದ್ದರಿಂದ, ಅದನ್ನು ಕತ್ತರಿಸಿ ಓದಿಸುವುದು ನಷ್ಟದ ವ್ಯಾಪಾರ.

ಅತ್ತೆಯವರ ಮಾತಿನಲ್ಲಿ ಒಂದು ಲೆಕ್ಕವಿದೆ, ಅದನ್ನು ಪೂರ್ತಿ ಮಾಡೋಣ. ಬ್ರಾಹ್ಮೀ ಮುಹೂರ್ತ ಶುರುವಾಗುವುದು ಸೂರ್ಯೋದಯಕ್ಕೆ 1 ತಾಸು 36 ನಿಮಿಷ ಮೊದಲು. ನಮ್ಮ ಕೈಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿನಲ್ಲಿ. ಶಿರಸಿ ಇರುವುದು ಸುಮಾರು 74.8 ಡಿಗ್ರಿಯಲ್ಲಿ, ಅಂದರೆ ಸೂರ್ಯ ನಮಗೆ ಅರ್ಧ ತಾಸು ತಡ. ಜನವರಿ ಮಧ್ಯದಲ್ಲಿ ಶಿರಸಿಯ ಸೂರ್ಯೋದಯ 7ರ ಆಸುಪಾಸು, ಮುಹೂರ್ತ 5:25ರ ಸುಮಾರಿಗೆ. ಅದೂ ಒಂಬತ್ತಕ್ಕೆ ಮಲಗುವ ಮನೆಯ ಲೆಕ್ಕ. ಮಲಗುವ ಹೊತ್ತನ್ನು ಬಿಟ್ಟು ಏಳುವ ಹೊತ್ತನ್ನು ಮಾತ್ರ ಹಿಡಿದರೆ ಪ್ರಯೋಜನವಿಲ್ಲ.

ಗಡಿಯಾರದ ತಡವನ್ನು ಕಡಿಮೆ ಮಾಡಬೇಕೆಂದರೆ ಬೆಳಗಿನ ತುದಿಯಿಂದ ಶುರು ಮಾಡಿ. ಈಗ ತಾನಾಗಿ ಏಳುವ ಹೊತ್ತು 8 ಅಂದುಕೊಳ್ಳಿ. ಎರಡು ದಿನಕ್ಕೊಮ್ಮೆ 15 ನಿಮಿಷದಂತೆ ಬೇಗ ಎಬ್ಬಿಸಿ, ಎದ್ದ ಕೂಡಲೇ ಅಂಗಳಕ್ಕೆ ಕಳಿಸಿ. ಅರ್ಧ ತಾಸು ಹೊರಗಿನ ಬೆಳಕಿನಲ್ಲಿ ಹಲ್ಲುಜ್ಜಲಿ, ಹೂ ಕೊಯ್ಯಲಿ, ಪುಸ್ತಕ ಹಿಡಿದು ಕೂರಲಿ. ರಾತ್ರಿ 9ರ ನಂತರ ತಲೆಯ ಮೇಲಿನ ಬಿಳಿ ಟ್ಯೂಬ್‌ಲೈಟ್ ಆರಿಸಿ, ಪುಸ್ತಕದ ಮೇಲಷ್ಟೇ ಬೀಳುವ ಹಳದಿ ಮೇಜುದೀಪ ಹಚ್ಚಿ. ಮೊಬೈಲ್ ಕೋಣೆಯಿಂದ ಹೊರಗಿರಲಿ. ಭಾನುವಾರ ಒಂದು ತಾಸಿಗಿಂತ ಹೆಚ್ಚು ತಡವಾಗಿ ಏಳುವುದು ಬೇಡ, ಎರಡು ವಾರದ ಶ್ರಮವನ್ನು ಒಂದು ಭಾನುವಾರ ನುಂಗುತ್ತದೆ. 4:30ಕ್ಕೆ ಎಬ್ಬಿಸುವುದನ್ನು ಇವತ್ತೇ ನಿಲ್ಲಿಸಿ. ಗಡಿಯಾರ ತಡವಾಗಿರುವವರಿಗೆ ಆ ಹೊತ್ತಿನಲ್ಲಿ ಬಿದ್ದ ದೀಪದ ಬೆಳಕು ಗಡಿಯಾರವನ್ನು ಇನ್ನಷ್ಟು ತಡ ಮಾಡುವ ಅಪಾಯವಿದೆ.

ಪ್ರಶ್ನೆ: ಮರಳೊಳಗಿನ ಏಡಿಗಳಿಗೆ ಭರತ-ಇಳಿತ ಹೇಗೆ ಗೊತ್ತಾಗುತ್ತದೆ? ಅವುಗಳಿಗೂ ಗಡಿಯಾರ ಇದೆಯೇ?
— 8ನೇ ತರಗತಿ, ಮಾಜಾಳಿ

ಉತ್ತರ: ಇದೆ, ಅದೂ ಎರಡು ಬಗೆಯ ಲಯ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ, ಹಾಗಾಗಿ ನಾಳೆಯ ಭರತ ಇವತ್ತಿಗಿಂತ 50 ನಿಮಿಷ ತಡ. ಭಾರತದಲ್ಲಿ ಜೀವಗಡಿಯಾರಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಎಂ.ಕೆ. ಚಂದ್ರಶೇಖರನ್ ಅವರು 1960ರ ದಶಕದಲ್ಲಿ ಎಮೆರಿಟಾ ಏಷಿಯಾಟಿಕಾ ಎಂಬ ಪುಟ್ಟ ಮರಳೇಡಿಯನ್ನು ಸಮುದ್ರದಿಂದ ಪ್ರಯೋಗಾಲಯಕ್ಕೆ ತಂದು ಗಮನಿಸಿದರು. ಅಲ್ಲಿ ಅಲೆಯೂ ಇಲ್ಲ, ಭರತವೂ ಇಲ್ಲ. ಆದರೂ ಅದರ ಚಟುವಟಿಕೆ ಭರತದ ಲಯದಲ್ಲೇ ಏರಿಳಿಯಿತು, ಅದರ ಜೊತೆಗೇ ಹಗಲು-ರಾತ್ರಿಯ ಲಯವೂ ಕಂಡಿತು. ತೆರೆ ಹಿಂದೆ ಸರಿದಾಗ ಒದ್ದೆ ಮರಳಿನಲ್ಲಿ ಹಿಮ್ಮುಖವಾಗಿ ಹುದುಗಿಕೊಳ್ಳುವ ಹೆಬ್ಬೆರಳಷ್ಟು ದೊಡ್ಡ ಏಡಿ ನೋಡಿದ್ದೀಯಲ್ಲ, ಆ ಜಾತಿಯದು.

ಪ್ರಶ್ನೆ: ಜೂನ್‌ನಿಂದ ಆಗಸ್ಟ್‌ವರೆಗೆ ಹಗಲೆಲ್ಲ ಮಂಪರು, ರಾತ್ರಿ ನಿದ್ದೆ ಇಲ್ಲ. ಮಳೆ ಬಿಟ್ಟ ಮೇಲೆ ತಾನಾಗಿ ಸರಿಹೋಗುತ್ತದೆ. ಇದೊಂದು ಕಾಯಿಲೆಯೇ?
— ಅಡಿಕೆ ಬೆಳೆಗಾರರ ಮನೆಯವರು, ಸಿದ್ದಾಪುರ

ಉತ್ತರ: ಮಳೆ ಬಿಟ್ಟಾಗ ಸರಿಹೋಗುತ್ತದೆ ಎಂದು ಬರೆದದ್ದೇ ದೊಡ್ಡ ಸುಳಿವು. ಕಣ್ಣಿನ ಹಿಂಪರದೆಯಲ್ಲಿ ಚಿತ್ರ ಕಾಣಲು ಬೇಕಾದ ಕೋಶಗಳಲ್ಲದೆ, ಮೆಲನಾಪ್ಸಿನ್ ಎಂಬ ವರ್ಣಕ ಹೊತ್ತ ಕೆಲವು ನರಕೋಶಗಳಿವೆ. ಎಷ್ಟು ಬೆಳಕಿದೆ ಎಂಬುದನ್ನು ಗಡಿಯಾರಕ್ಕೆ ತಿಳಿಸುವುದು ಅವುಗಳ ಮುಖ್ಯ ಕೆಲಸ. 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ, ಆದರೆ ಬೆಳಕು ಸಾಕಷ್ಟಿರಬೇಕು. ಬೇಸಿಗೆಯ ನಡುಹಗಲು ಅಂಗಳದಲ್ಲಿ 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ತನಕ ಇರುತ್ತದೆ. ಜಡಿಮಳೆಯ ದಿನವೂ ಬಯಲಿನಲ್ಲಿ ಕೆಲವು ಸಾವಿರ ಲಕ್ಸ್ ಸಿಗುತ್ತದೆ. ಆದರೆ ಮಾಡು ಇಳಿಬಿಟ್ಟ ಹಂಚಿನ ಮನೆ, ಇರಚಲಿಗೆ ಕಟ್ಟಿದ ಸೋಗೆ ತಟ್ಟಿ, ಸುತ್ತ ತೋಟದ ನೆರಳು — ಇಷ್ಟೆಲ್ಲ ದಾಟಿ ನಡುಮನೆಗೆ ಬರುವಾಗ ಎಷ್ಟೋ ಸಲ 50 ಲಕ್ಸ್ ಕೂಡ ಉಳಿಯುವುದಿಲ್ಲ. ರಾತ್ರಿ ಅದೇ ಮನೆಯಲ್ಲಿ ಟ್ಯೂಬ್‌ಲೈಟ್ ಹಚ್ಚಿದರೆ 100–150. ಗಡಿಯಾರದ ಕಣ್ಣಿಗೆ ಹಗಲು ರಾತ್ರಿಗಿಂತ ಕತ್ತಲು! ಹೀಗಾದಾಗ ಹಗಲಿನ ಎಚ್ಚರವೂ ರಾತ್ರಿಯ ನಿದ್ದೆಯೂ ಎರಡೂ ಚಪ್ಪಟೆಯಾಗುತ್ತವೆ.

2022ರಲ್ಲಿ ಈ ವಿಷಯದ ತಜ್ಞರು ಸೇರಿ ಕೊಟ್ಟ ಅಳತೆ ಹೀಗಿದೆ: ಕಣ್ಣಿನ ಮಟ್ಟದಲ್ಲಿ ಹಗಲು ಕನಿಷ್ಠ 250, ಮಲಗುವ ಮುಂಚಿನ ಮೂರು ತಾಸು 10ಕ್ಕಿಂತ ಕಡಿಮೆ, ಮಲಗಿದಾಗ 1ಕ್ಕಿಂತ ಕಡಿಮೆ. ಇದು ಗಡಿಯಾರದ ಕೋಶಗಳಿಗೆ ಬೇಕಾದ ನೀಲಿ ಭಾಗಕ್ಕೆ ತೂಕ ಕೊಟ್ಟು ಮಾಡಿದ ಲಕ್ಸ್ ಲೆಕ್ಕ. ಹಳದಿ ಬಲ್ಬು ಈ ಲೆಕ್ಕದಲ್ಲಿ ತನ್ನ ಸಾಮಾನ್ಯ ಲಕ್ಸ್‌ನ ಅರ್ಧದಷ್ಟೇ ಬರುತ್ತದೆ, ಹಾಗಾಗಿ ಸಂಜೆಗೆ ಅದೇ ಒಳ್ಳೆಯದು.

ಮಾಡಲು ಸುಲಭವಾದದ್ದು: ಬೆಳಗಿನ ಆಸರಿಯನ್ನು ಅಡುಗೆಮನೆಯಲ್ಲಿ ಕುಡಿಯುವ ಬದಲು ಜಗುಲಿಯ ಅಂಚಿಗೆ ತನ್ನಿ, ಮುಖ ಅಂಗಳದ ಕಡೆಗಿರಲಿ. 8ರೊಳಗೆ ಅರ್ಧ ತಾಸು, 11ರ ಸುಮಾರಿಗೆ ಇನ್ನರ್ಧ ತಾಸು. ನಮ್ಮಲ್ಲಿ ಮಳೆ ಹೊಡೆಯುವುದು ಹೆಚ್ಚಾಗಿ ಪಡುವಣದಿಂದ. ಮೂಡಣ ಬದಿಯ ತಟ್ಟಿಯನ್ನು ಕಟ್ಟದೇ ಬಿಡಲು ಆಗುತ್ತದೆಯೇ ನೋಡಿ. ಮುಂದಿನ ಬೇಸಿಗೆಯಲ್ಲಿ ಹಂಚು ಕೈಯಾಡಿಸುವಾಗ ನೀವು ಹೆಚ್ಚು ಹೊತ್ತು ಕೂರುವ ಜಾಗದ ಮೇಲೆ ನಾಲ್ಕು ಗಾಜಿನ ಹಂಚು ಹಾಕಿಸಿ. ಮಧ್ಯಾಹ್ನದ ನಿದ್ದೆ 30 ನಿಮಿಷ ಮೀರಬಾರದು. ಕಂಬಳಿ ಹೊದ್ದು ಎರಡು ತಾಸು ಮಲಗಿದರೆ ರಾತ್ರಿಯ ಒತ್ತಡ ಅಲ್ಲೇ ಖರ್ಚಾಗುತ್ತದೆ. ಇಷ್ಟು ಮಾಡಿ ಮೂರು ವಾರದಲ್ಲೂ ಸುಧಾರಿಸದಿದ್ದರೆ, ಅಥವಾ ಮನಸ್ಸಿಗೆ ಯಾವುದೂ ಬೇಡವಾದರೆ, ವೈದ್ಯರಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಮಳೆಯ ತಲೆಗೆ ಕಟ್ಟಿದ ಸುಸ್ತಿನಲ್ಲಿ ರಕ್ತಹೀನತೆ ಅಡಗಿರುವುದು ಅಪರೂಪವಲ್ಲ.

ಪ್ರಶ್ನೆ: ಟ್ರಾಲರ್ ಬೋಟಿನಲ್ಲಿ ಏಳೆಂಟು ದಿನ ಸಮುದ್ರದಲ್ಲೇ. ಎರಡು ಮೂರು ತಾಸಿಗೊಮ್ಮೆ ಬಲೆ ಎಳೆಯಬೇಕು, ತುಂಡು ತುಂಡು ನಿದ್ದೆ. ಎದ್ದ ಕೂಡಲೇ ತಲೆ ಓಡುವುದಿಲ್ಲ.
— ತಾಂಡೇಲ, ಬೈತಖೋಲ್

ಉತ್ತರ: ಆಳ ನಿದ್ದೆಯಿಂದ ಎಬ್ಬಿಸಿದಾಗ ಮಿದುಳು ಪೂರ್ತಿ ಏಳಲು 15ರಿಂದ 30 ನಿಮಿಷ ಬೇಕು, ನಸುಕಿನ ಹೊತ್ತಿನಲ್ಲಿ ಇನ್ನೂ ಹೆಚ್ಚು. ಬೆರಳು, ಕೈ ಹೋಗುವುದು ಇಂಥ ಹೊತ್ತಿನಲ್ಲೇ. ಆದ್ದರಿಂದ ವಿಂಚ್ (ಬಲೆಯ ಹಗ್ಗ ಎಳೆಯುವ ಯಂತ್ರ) ಹಿಡಿಯುವವನನ್ನು ಉಳಿದವರಿಗಿಂತ 20 ನಿಮಿಷ ಮೊದಲೇ ಎಬ್ಬಿಸಿ. ಮುಖ ತೊಳೆದು, ಚಹಾ ಕುಡಿದು, ಡೆಕ್ಕಿನ ಗಾಳಿಗೆ ನಿಂತು ಆಮೇಲೆ ಹಗ್ಗ ಮುಟ್ಟಲಿ.

ಎಲ್ಲರೂ ಎಲ್ಲ ಎಳೆತಕ್ಕೂ ಏಳುವ ಪದ್ಧತಿ ಬಿಡಿ. ಜನರನ್ನು ಎರಡು ತಂಡ ಮಾಡಿ, ಪ್ರತಿಯೊಬ್ಬನಿಗೂ ದಿನದ ಒಂದೇ ಗೊತ್ತಾದ ಹೊತ್ತಿನಲ್ಲಿ 4 ತಾಸು ಮುರಿಯದ ನಿದ್ದೆ ಸಿಗಲಿ: ಒಂದು ತಂಡಕ್ಕೆ ರಾತ್ರಿ 10ರಿಂದ 2, ಇನ್ನೊಂದಕ್ಕೆ 2ರಿಂದ 6. ಆ ನಾಲ್ಕು ತಾಸು ದಿನವೂ ಅದೇ ಹೊತ್ತಿಗಿದ್ದರೆ ಗಡಿಯಾರ ಅಲ್ಲಿಗೆ ಕಟ್ಟಿ ನಿಲ್ಲುತ್ತದೆ, ಉಳಿದ ನಿದ್ದೆ ತುಂಡಾದರೂ ತಡೆಯುತ್ತದೆ. ನಡುವೆ ತಂಡದ ಹೊತ್ತು ಅದಲುಬದಲು ಮಾಡಬೇಡಿ, ಮುಂದಿನ ಟ್ರಿಪ್ಪಿನಲ್ಲಿ ಮಾಡಿ. ಮಲಗುವ ಜಾಗದಲ್ಲಿ ಬಿಳಿ ಎಲ್‌ಇಡಿ ಬೇಡ, ಮಂದವಾದ ಕೆಂಪು ಬಲ್ಬು ಹಾಕಿ. ಕತ್ತಲಿಗೆ ಹೊಂದಿಕೊಂಡ ಕಣ್ಣೂ ಕೆಡುವುದಿಲ್ಲ, ಗಡಿಯಾರವೂ ಕದಲುವುದಿಲ್ಲ. ಜೂನ್ 1ರಿಂದ ಜುಲೈ 31ರ ನಿಷೇಧದ ದಿನಗಳಲ್ಲಿ ಮನೆಯಲ್ಲಿದ್ದಾಗ ಏಳುವ ಹೊತ್ತನ್ನು ಒಂದೇ ಇಡಿ, ಉಳಿದದ್ದು ಒಂದೆರಡು ವಾರದಲ್ಲಿ ತಾನೇ ಕೂಡಿಬರುತ್ತದೆ.

ಪ್ರಶ್ನೆ: ಗಿಡಗಳಿಗೂ ಒಳಗಡಿಯಾರ ಇದೆ ಎಂದು ಮಕ್ಕಳಿಗೆ ತೋರಿಸುವ ಪ್ರಯೋಗ ಹೇಳಿ. ದುಬಾರಿ ಸಾಮಾನು ಬೇಡ.
— ಪ್ರೌಢಶಾಲಾ ಶಿಕ್ಷಕಿ, ಕುಮಟಾ

ಉತ್ತರ: ಮುಟ್ಟಿದರೆ ಮುನಿ ಸಾಕು. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್ ಇಂಥದೇ ಗಿಡವನ್ನು ಕತ್ತಲಲ್ಲಿಟ್ಟು, ಬಿಸಿಲು ಕಾಣದೆಯೂ ಅದು ಹಗಲು ಎಲೆ ಬಿಚ್ಚಿ ರಾತ್ರಿ ಮಡಚುವುದನ್ನು ಕಂಡ. ಅದಕ್ಕೂ ಎರಡು ಸಾವಿರ ವರ್ಷ ಮೊದಲು ಅಲೆಕ್ಸಾಂಡರನ ದಂಡಿನ ಆಂಡ್ರಾಸ್ತನೀಸ್ ಈಗಿನ ಬಹರೈನ್ ದ್ವೀಪದಲ್ಲಿ ನಮ್ಮ ಹುಣಸೆಯ ಎಲೆ ರಾತ್ರಿ ಮಡಚುವುದನ್ನು ದಾಖಲಿಸಿದ್ದ. ಶಾಲೆಯ ಹಿಂದೆ ಹುಣಸೆ ಮರವಿದ್ದರೆ ಸಂಜೆ 6:30ಕ್ಕೆ ಮಕ್ಕಳಿಗೆ ತೋರಿಸಿ.

ಒಂದೇ ಗಾತ್ರದ ಮೂರು ಗಿಡಗಳನ್ನು ಬೇರು ಕಡಿಯದಂತೆ ಮಣ್ಣು ಸಮೇತ ಎತ್ತಿ ಕುಂಡದಲ್ಲಿ ನೆಡಿ. ಹತ್ತು ದಿನ ಕಿಟಕಿಯ ಬಳಿ ಚೇತರಿಸಿಕೊಳ್ಳಲಿ. ಎತ್ತಿದ ಮರುದಿನವೇ ಶುರು ಮಾಡಿದರೆ ಬಾಡಿದ ಎಲೆಯನ್ನೇ ಮಡಚಿದ ಎಲೆ ಎಂದು ಬರೆದುಕೊಳ್ಳುತ್ತೀರಿ. ಆಮೇಲೆ ಮೊದಲ ಕುಂಡ ಕಿಟಕಿಯಲ್ಲೇ ಇರಲಿ. ಎರಡನೆಯದನ್ನು ಬಾಗಿಲ ಸಂದಿಗೆ ಕಪ್ಪು ಟೇಪ್ ಅಂಟಿಸಿದ ಅಲಮಾರಿನಲ್ಲಿಡಿ. ಮೂರನೆಯದನ್ನು ಮತ್ತೊಂದು ಮುಚ್ಚಿದ ಕೋಣೆಯಲ್ಲಿ, ಹಗಲೂ ರಾತ್ರಿಯೂ ಉರಿಯುವ 5 ವಾಟ್‌ನ ಎಲ್‌ಇಡಿ ಬಲ್ಬಿನ ಕೆಳಗೆ 60 ಸೆಂಟಿಮೀಟರ್ ದೂರದಲ್ಲಿಡಿ. ಹಿಂದಿನ ಸಂಜೆಯೇ ನೀರು ಹಾಕಿ ಮುಗಿಸಿ. ಪ್ರತಿ ಗಿಡದ ಮೂರು ಎಲೆಗಳಿಗೆ ನೂಲು ಕಟ್ಟಿ ಗುರುತು ಮಾಡಿ. ಪೂರ್ತಿ ಬಿಚ್ಚಿದ್ದರೆ 2, ಅರೆಬಿಚ್ಚಿದ್ದರೆ 1, ಮಡಚಿದ್ದರೆ 0 ಎಂದು ಅಂಕ.

ಮೂರನೆಯ ಗಿಡದ ಎದುರು ಹಳೆಯ ಮೊಬೈಲನ್ನು ಚಾರ್ಜರ್ ಹಾಕಿ ನಿಲ್ಲಿಸಿ, ಅರ್ಧ ತಾಸಿಗೊಂದು ಫೋಟೋ ತಾನೇ ತೆಗೆಯುವಂತೆ ಇಡಿ. ಫ್ಲಾಶ್ ಆರಿರಲಿ. ಮಕ್ಕಳು ರಾತ್ರಿ ಬರಬೇಕಿಲ್ಲ, ಮೂರು ದಿನದ ಸುಮಾರು 144 ಫೋಟೋ ಸಿಗುತ್ತದೆ. ಕತ್ತಲೆಯ ಗಿಡವನ್ನು ಶಾಲೆಯ ಹೊತ್ತಿನಲ್ಲಿ ಎರಡು ತಾಸಿಗೊಮ್ಮೆ, ಟಾರ್ಚಿಗೆ ಹಸಿರು ಜಿಲೆಟಿನ್ ಕಾಗದ ನಾಲ್ಕು ಪದರ ಸುತ್ತಿ ಐದಾರು ಸೆಕೆಂಡು ನೋಡಿದರೆ ಸಾಕು.

ಕೆಡುವುದು ಎಲ್ಲಿ? ಅಲಮಾರಿನ ಬಾಗಿಲನ್ನು ದಡಾರನೆ ತೆರೆದರೆ ಅಲುಗಾಟಕ್ಕೇ ಎಲೆ ಮಡಚುತ್ತದೆ. ಫ್ಯಾನಿನ ಗಾಳಿಯೂ ಹಾಗೆಯೇ. ಗೊತ್ತಾದ ಹೊತ್ತಿಗೆ ನೀರು ಹಾಕಿದರೆ ಗಿಡಕ್ಕೆ ಹೊರಗಿನ ಸುಳಿವು ಸಿಕ್ಕಂತಾಗುತ್ತದೆ. ಕತ್ತಲೆಯ ಗಿಡವನ್ನು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ, ಆಹಾರ ತಯಾರಿಸಲಾಗದೆ ಎಲೆ ಹಳದಿಯಾಗುತ್ತದೆ, ಲಯವೂ ಮಸುಕಾಗುತ್ತದೆ.

ಮಕ್ಕಳಿಗೆ ಮುಖ್ಯವಾಗಿ ತೋರಿಸಬೇಕಾದದ್ದು ಮೂರನೆಯ ಗಿಡದ ಲೆಕ್ಕ. ಎಲೆ ಮಡಚುವ ಹೊತ್ತನ್ನು ದಿನದಿಂದ ದಿನಕ್ಕೆ ಗೆರೆ ಎಳೆದು ಹೋಲಿಸಿ. 1832ರಲ್ಲಿ ಸಸ್ಯವಿಜ್ಞಾನಿ ದ ಕಾಂಡೊಲ್ ಸದಾ ಬೆಳಕಿನಲ್ಲಿಟ್ಟಾಗ ಈ ಗಿಡದ ಸುತ್ತು 22ರಿಂದ 23 ತಾಸಿಗೆ ಇಳಿಯಿತು. ಅಂದರೆ ದಿನವೂ ಒಂದೆರಡು ತಾಸು ಬೇಗ ಮಡಚಬೇಕು. ಹೊರಗಿನ ಯಾವುದೋ ಸುಳಿವನ್ನು ಗಿಡ ಅನುಸರಿಸುತ್ತಿದ್ದರೆ ಸುತ್ತು ಸರಿಯಾಗಿ 24 ತಾಸೇ ಇರುತ್ತಿತ್ತು. 24 ಅಲ್ಲದಿರುವುದೇ ಗಡಿಯಾರ ಒಳಗಿನದು ಎಂಬುದಕ್ಕೆ ಪುರಾವೆ, ಇಡೀ ಪ್ರಯೋಗದ ಬೆಲೆ ಇರುವುದು ಇಲ್ಲಿ.

ಮೇಲಿನ ತರಗತಿಯವರು ಒಳಗೆ ಏನಿದೆ ಎಂದು ಕೇಳಿದರೆ ನೊಣದ ಕಥೆ ಹೇಳಿ. 1971ರಲ್ಲಿ ಅಮೆರಿಕದ ಕೊನೋಪ್ಕ ಮತ್ತು ಬೆಂಜರ್ ಹಣ್ಣಿನ ನೊಣಗಳಲ್ಲಿ ಒಂದೇ ವಂಶವಾಹಿ ಕೆಟ್ಟರೆ ಸುತ್ತು 19 ತಾಸು ಆಗುವುದನ್ನೂ, 28 ಆಗುವುದನ್ನೂ, ಲಯವೇ ಅಳಿಯುವುದನ್ನೂ ತೋರಿಸಿದರು. ಆ ವಂಶವಾಹಿಯ ಹೆಸರು ಪೀರಿಯಡ್. ಅದರಿಂದ ತಯಾರಾಗುವ ಪ್ರೋಟೀನು ರಾತ್ರಿ ಕೋಶಕೇಂದ್ರಕ್ಕೆ ಹೋಗಿ ತನ್ನದೇ ತಯಾರಿಯನ್ನು ನಿಲ್ಲಿಸುತ್ತದೆ. ಮೆಲ್ಲಗೆ ಕರಗಿ ಹೋದಾಗ ತಯಾರಿ ಮತ್ತೆ ಶುರು. ಈ ಒಂದು ಸುತ್ತಿಗೆ ಹಿಡಿಯುವ ಹೊತ್ತೇ ಸುಮಾರು ಒಂದು ದಿನ. ಇದನ್ನು ಬಿಡಿಸಿದ ಹಾಲ್, ರಾಸ್‌ಬಾಷ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಗಿಡಗಳಲ್ಲಿ ವಂಶವಾಹಿಗಳು ಬೇರೆ, ತನ್ನನ್ನು ತಾನೇ ತಡೆಯುವ ಉಪಾಯ ಅದೇ.

ಪ್ರಶ್ನೆ: ವಯಸ್ಸು 72. ರಾತ್ರಿ 8ಕ್ಕೇ ಕಣ್ಣು ಎಳೆಯುತ್ತದೆ, 3ಕ್ಕೆ ಎಚ್ಚರ. ನಿದ್ದೆ ಮಾತ್ರೆ ತೆಗೆದುಕೊಳ್ಳಲೇ?
— ನಿವೃತ್ತರು, ಅಂಕೋಲಾ

ಉತ್ತರ: 8ರಿಂದ 3ರವರೆಗೆ ಎಂದರೆ 7 ತಾಸು, ನಿಮಗೆ ಸಾಕು. ಕೊರತೆ ಇಲ್ಲ, ವಯಸ್ಸಿನಿಂದ ಗಡಿಯಾರ ಮುಂದಾಗಿದೆ ಅಷ್ಟೇ. ಮಾತ್ರೆ ಬೇಡ, ರಾತ್ರಿ ಎದ್ದಾಗ ಬೀಳುವ ಅಪಾಯ ಅದರಿಂದ ಹೆಚ್ಚು. ಬೆಳಗಿನ ವಾಕಿಂಗನ್ನು ಸಂಜೆಗೆ ಹಾಕಿ. 5ರಿಂದ ಸೂರ್ಯ ಮುಳುಗುವವರೆಗೆ ಕಡಲತೀರದಲ್ಲಿ ಪಡುವಣಕ್ಕೆ ಮುಖ ಮಾಡಿ ನಡೆಯಿರಿ, ರಾತ್ರಿ 9ರವರೆಗೆ ಮನೆಯಲ್ಲಿ ದೀಪ ಚೆನ್ನಾಗಿರಲಿ. ಕಣ್ಣಿನ ಪೊರೆ ಇದ್ದರೆ ತೆಗೆಸಿ. ಹಳದಿಗಟ್ಟಿದ ಮಸೂರ ಗಡಿಯಾರಕ್ಕೆ ಬೇಕಾದ ನೀಲಿ ಬೆಳಕನ್ನೇ ತಡೆಯುತ್ತದೆ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ಅದು ಗಡಿಯಾರದ ವಿಷಯವಲ್ಲ, ವೈದ್ಯರ ಬಳಿ ಹೋಗಲೇಬೇಕು.

ಪ್ರಶ್ನೆ: ಮಗಳ ಬಾಣಂತನಕ್ಕೆ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೇನೆ. ಹಗಲು ರಾತ್ರಿ ಅದಲುಬದಲಾಗುತ್ತದಂತೆ. ಬಿ.ಪಿ., ಶುಗರ್ ಎರಡೂ ಇದೆ. ಮೆಲಟೋನಿನ್ ಮಾತ್ರೆ ಒಯ್ಯಲೇ?
— ಯಲ್ಲಾಪುರ

ಉತ್ತರ: ಬೇಸಿಗೆಯಲ್ಲಿ ಅಲ್ಲಿಯ ಹೊತ್ತು ನಮಗಿಂತ 12 ತಾಸು 30 ನಿಮಿಷ ಹಿಂದೆ. ನಿಮ್ಮ ಮೈಯ ಉಷ್ಣತೆ ತಳ ಮುಟ್ಟುವ ಬೆಳಗಿನ ಜಾವ 4, ಅಲ್ಲಿ ಇಳಿದ ದಿನ ಮಧ್ಯಾಹ್ನ 3:30 ಆಗಿರುತ್ತದೆ. ಆ ಬಿಂದುವಿಗೆ ಮುಂಚೆ ಬಿದ್ದ ಬೆಳಕು ಗಡಿಯಾರವನ್ನು ತಡ ಮಾಡುತ್ತದೆ, ನಂತರ ಬಿದ್ದದ್ದು ಬೇಗ ಮಾಡುತ್ತದೆ. ತಡ ಮಾಡುವುದು ಸುಲಭವಾದ ದಾರಿ. ಆದ್ದರಿಂದ ಮೊದಲ ಮೂರು ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಹೊರಗೆ ಓಡಾಡಿ, 3:30ರಿಂದ ಕತ್ತಲಾಗುವ ತನಕ ಪರದೆ ಎಳೆದ ಕೋಣೆಯಲ್ಲಿರಿ ಅಥವಾ ಕಪ್ಪು ಕನ್ನಡಕ ಹಾಕಿ. ಅಲ್ಲಿ ಜೂನ್‌ನಲ್ಲಿ ಎಂಟೂವರೆವರೆಗೂ ಬೆಳಕಿರುತ್ತದೆ. ನಾಲ್ಕನೆಯ ದಿನದಿಂದ ಈ ನಿರ್ಬಂಧ ಬೇಡ. ದಿನಕ್ಕೆ ಒಂದೂವರೆ ತಾಸಿನಂತೆ ಸರಿದು ಎಂಟು–ಒಂಬತ್ತು ದಿನದಲ್ಲಿ ಹೊಂದಿಕೆಯಾಗುತ್ತದೆ. ಮಗು ರಾತ್ರಿ ಎದ್ದಾಗ ನೀವೂ ಏಳುವವರಲ್ಲವೇ, ಬಾಣಂತಿ ಕೋಣೆಗೆ ಮಂದ ಹಳದಿ ದೀಪ ಸಾಕು. ಹುಟ್ಟಿದ ಮಗುವಿನ ಗಡಿಯಾರ ಎರಡು ಮೂರು ತಿಂಗಳವರೆಗೆ ನೆಲೆಯಾಗಿರುವುದಿಲ್ಲ, ಹಗಲು ಬೆಳಕು ರಾತ್ರಿ ಕತ್ತಲೆ ಎಂಬ ಪಾಠ ಅದಕ್ಕೂ ಆಗುತ್ತದೆ.

ಮೆಲಟೋನಿನ್ ನಿಮ್ಮ ವೈದ್ಯರು ಒಪ್ಪಿದರೆ 0.5ರಿಂದ 3 ಮಿಲಿಗ್ರಾಂ, ಅಲ್ಲಿಯ ರಾತ್ರಿ 10ಕ್ಕೆ, ನಾಲ್ಕೈದು ರಾತ್ರಿ ಸಾಕು. 10 ಮಿಲಿಗ್ರಾಂ ತಂದುಕೊಂಡರೆ ಗಡಿಯಾರ ಹೆಚ್ಚು ಬೇಗ ಸರಿಯುವುದಿಲ್ಲ, ಮರುದಿನ ಮಂಪರು ಮಾತ್ರ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಕೇಳದೆ ತೆಗೆದುಕೊಳ್ಳಬಾರದು. ಬಿ.ಪಿ., ಶುಗರ್ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ. ಇನ್ಸುಲಿನ್ ಇದ್ದರೆ ವಿಮಾನ ಹೊರಡುವ, ಇಳಿಯುವ ಹೊತ್ತು ಎರಡನ್ನೂ ಬರೆದ ಚೀಟಿಯನ್ನು ಹೊರಡುವ ಎರಡು ವಾರ ಮೊದಲು ವೈದ್ಯರಿಗೆ ತೋರಿಸಿ, ಪ್ರಯಾಣದ ದಿನದ ಪ್ರತಿ ಡೋಸಿನ ಹೊತ್ತು ಮತ್ತು ಪ್ರಮಾಣವನ್ನು ಅವರಿಂದಲೇ ಬರೆಸಿಕೊಳ್ಳಿ. ವಾಪಸ್ ಬರುವ ದಿನಕ್ಕೂ ಅಂಥದೇ ಇನ್ನೊಂದು ಚೀಟಿ ಬೇಕು.